ತುಕ್ಕಿನ ಕೆಳಗೆ ಮಲಗಿರುವ ಹರಿತ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದಂಥ ಊರು. ತಲೆಮಾರುಗಳಿಂದ ಕ್ಷೌರದ ಕಾಯಕ ಮಾಡಿಕೊಂಡು ಬಂದ ಒಂದು ಮನೆ. ಅಲ್ಲಿನ ಹಳೆಯ ಸಂದೂಕಿನ ತಳದಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕರೂ ಸಿಗಬಹುದು. ಬಿಚ್ಚಿದರೆ ಒಳಗೆ ಒಂದು ಮಡಚುವ ಕ್ಷೌರದ ಕತ್ತಿ, ಅಂಗೈಯಷ್ಟು ಮಸೆಗಲ್ಲು, ಒಣಗಿ ಬಿರುಸಾದ ಚರ್ಮದ ಪಟ್ಟಿ. ಕತ್ತಿಯ ಮೈಯೆಲ್ಲ ಕೆಂಪು ತುಕ್ಕು. ಮೊಮ್ಮಕ್ಕಳು ಅದನ್ನು ಗುಜರಿಗೆ ಹಾಕಲು ಹೊರಟರೆ ಮನೆಯ ಅಜ್ಜ, "ಅದು ಸತ್ತಿಲ್ಲೋ ತಮ್ಮಾ, ಮಲ್ಕೊಂಡದ" ಎಂದು ತಡೆಯಬಹುದು. ಅದು ಬರಿಯ ಮಮಕಾರದ ಮಾತಲ್ಲ. ವಿಜ್ಞಾನವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಉರ್ದುವಿನ ಅನೇಕ ಮಾತುಗಳು ಕನ್ನಡದೊಡನೆ ಬೆರೆತಿವೆ. ಕ್ಷೌರದ ಕತ್ತಿಯನ್ನು 'ಉಸ್ತರಾ' ಎನ್ನುವುದೂ ಅವುಗಳಲ್ಲೊಂದು. ಪಕ್ಕದ ಬಸವಕಲ್ಯಾಣಕ್ಕೂ ಈ ಕಾಯಕಕ್ಕೂ ಇನ್ನೂ ಹಳೆಯ ನಂಟಿದೆ. 12ನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣ ಮತ್ತು ಅವರ ಪತ್ನಿ ಲಿಂಗಮ್ಮ ಇಬ್ಬರೂ ವಚನಕಾರರು. 'ಹಡಪ' ಎಂದರೆ ಎಲೆಅಡಿಕೆಯ ಚೀಲ. ಇಂದು ಉತ್ತರ ಕರ್ನಾಟಕದಲ್ಲಿ ಅಪ್ಪಣ್ಣನವರನ್ನು ಮೂಲಪುರುಷರೆಂದು ಗೌರವಿಸುವ ಹಡಪದ ಸಮಾಜದ ಅನೇಕ ಮನೆಗಳ ಕಾಯಕ ಕ್ಷೌರ. ಯಾವ ಕಾಯಕವೂ ಕೀಳಲ್ಲ ಎಂದ ನೆಲದಲ್ಲೇ ಈ ಕಸುಬಿನ ಹೆಸರು ಬೈಗುಳವಾಗಿ ಬಳಕೆಯಾದದ್ದು ನೋವಿನ ಸಂಗತಿ. ಕತ್ತಿಯೊಂದಕ್ಕೆ ಹರಿತ ತರಲು ಎಷ್ಟು ವಿದ್ಯೆ ಬೇಕೆಂಬುದನ್ನು ಬಲ್ಲವರು ಹಾಗೆ ಬೈಯಲಾರರು.

ಕತ್ತಿ ಸಂದೂಕು ಸೇರಿದ್ದೇಕೆ?

ಅಮೆರಿಕದ ಕಿಂಗ್ ಜಿಲೆಟ್ ಎಂಬಾತ ಬದಲಾಯಿಸುವ ಬ್ಲೇಡಿನ ರೇಜರನ್ನು 1903ರಲ್ಲಿ ಮಾರಾಟಕ್ಕೆ ತಂದ. ಆ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು ಮಾತ್ರ! ಆದರೆ ಕಾಲಕ್ರಮೇಣ ಮನೆಮನೆಯಲ್ಲೂ ಬ್ಲೇಡು ಬಂತು. ಕ್ಷೌರದ ಅಂಗಡಿಗಳಲ್ಲಿ ಮಾತ್ರ ಕತ್ತಿಯೇ ಉಳಿದಿತ್ತು. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಆ ಬಳಿಕ ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದೆಂಬ ತಿಳಿವಳಿಕೆ ಹಳ್ಳಿಗಳಿಗೂ ಹಬ್ಬಿತು. ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ, ಗಿರಾಕಿಗೊಂದರಂತೆ ಬದಲಾಯಿಸುವ ಉಸ್ತರಾ ಬಂತು. ಅದು ಸರಿಯಾದ ಬದಲಾವಣೆಯೇ. ಆದರೆ ಹಳೆಯ ಕತ್ತಿಯ ಜೊತೆಗೆ ಅದನ್ನು ಮಸೆಯುವ ವಿದ್ಯೆಯೂ ಗಂಟುಮೂಟೆ ಕಟ್ಟಿತು.

ಕನ್ನಡದ ಉಕ್ಕು, ಲಂಡನ್ನಿನ ಕತ್ತಿ

ಕ್ಷೌರದ ಕತ್ತಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸಿನಲ್ಲಿ ಇಂಗಾಲವಿರುತ್ತದೆ. ಅಂಥ ಹೆಚ್ಚು ಇಂಗಾಲದ ಉಕ್ಕನ್ನು ಮಣ್ಣಿನ ಮೂಸೆಗಳಲ್ಲಿ ಕರಗಿಸಿ ತೆಗೆಯುವ ಕಲೆ ದಕ್ಷಿಣ ಭಾರತದಲ್ಲಿ ಬಹು ಪ್ರಾಚೀನ. ಯುರೋಪಿನವರು ಅದನ್ನು 'ವೂಟ್ಜ್' ಎಂದು ಕರೆದರು. ಕನ್ನಡದ 'ಉಕ್ಕು' ಪದವೇ ಹೀಗೆ ರೂಪಾಂತರ ಹೊಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಮುಂಬಯಿಯಿಂದ ಇದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಕತ್ತಿ ತಯಾರಕನಿಗೆ ಅದು ಬಹಳ ಹಿಡಿಸಿತು. ಆತನೊಡನೆ ಸೇರಿ ಉಕ್ಕಿನ ಗುಟ್ಟನ್ನು ಹುಡುಕಲು ಹೊರಟವನು ಯಾರು ಗೊತ್ತೆ? ಮುಂದೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೈಕೆಲ್ ಫ್ಯಾರಡೆ! 1820ರಲ್ಲಿ ಇಬ್ಬರೂ ಸೇರಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಲೇಖನ ಪ್ರಕಟಿಸಿದರು. ತನ್ನ ಪ್ರಯೋಗದ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದನಂತೆ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಹಳೆಯ ಕತ್ತಿಗೆ ಮರುಜೀವ ಕೊಡುವ ಮೊದಲು ಅದನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಲಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಕತ್ತಿಯ ಆಸೆ ಬಿಡಬೇಕು. ಅದು ಮುಖದ ಮೇಲೆಯೇ ಮುರಿದೀತು. ತುಕ್ಕು ಅಂಚಿನಲ್ಲೇ ಆಳವಾದ ಕುಳಿ ತೋಡಿದ್ದರೂ ಕಷ್ಟವೇ. ಮೈಮೇಲೆ ಮಾತ್ರ ಇದ್ದರೆ ಚಿಂತೆಯಿಲ್ಲ.

ತುಕ್ಕೆಂದರೆ ಕಬ್ಬಿಣ, ಆಮ್ಲಜನಕ, ನೀರು ಈ ಮೂರೂ ಸೇರಿ ಆದ ಸಂಯುಕ್ತ. ಶಾಲೆಯಲ್ಲಿ ಮೂರು ಪ್ರನಾಳಗಳಲ್ಲಿ ಮೊಳೆಗಳನ್ನಿಟ್ಟು ಮಾಡುವ ಪ್ರಯೋಗ ಇದನ್ನೇ ತೋರಿಸುತ್ತದೆ. ಗಾಳಿ ಮಾತ್ರ ಇದ್ದು ತೇವವಿಲ್ಲದ ಮೊಳೆಗೆ ತುಕ್ಕಿಲ್ಲ. ಕುದಿಸಿ ಮೇಲೆ ಎಣ್ಣೆ ಹಾಕಿದ ನೀರಿನೊಳಗಿನ ಮೊಳೆಗೂ ಇಲ್ಲ. ಗಾಳಿ, ನೀರು ಎರಡೂ ತಾಗಿದ ಮೊಳೆಗೆ ಮಾತ್ರ ತುಕ್ಕು. ಹಿಂದಿನವರು ಕತ್ತಿಯನ್ನು ಒರೆಸಿ ಎಣ್ಣೆ ಸವರಿ ಇಡುತ್ತಿದ್ದುದರ ಕಾರಣವೂ ಇದೇ. ಇನ್ನೊಂದು ಅಚ್ಚರಿಯ ಶತ್ರುವಿದೆ. ಹಳೆಯ ಸೆಲ್ಯುಲಾಯ್ಡ್ ಹಿಡಿಕೆಗಳು ಕೆಡುತ್ತ ಬಂದಂತೆ ಆಮ್ಲದ ಆವಿ ಬಿಡುತ್ತವೆ. ಅದರೊಳಗೆ ಮಡಚಿಟ್ಟ ಅಲಗನ್ನು ಹಿಡಿಕೆಯೇ ತಿನ್ನುತ್ತದೆ!

ಅಲಗಿಗೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ನುಣುಪಾದ ಉಜ್ಜುಕಾಗದದಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಮೆಲ್ಲಗೆ ಉಜ್ಜಬೇಕು. ನಿಂಬೆರಸದಲ್ಲಿ ರಾತ್ರಿಯಿಡೀ ಅದ್ದಿಡುವುದು ತಪ್ಪು. ಆಮ್ಲ ತುಕ್ಕಿನ ಜೊತೆಗೆ ಉಕ್ಕನ್ನೂ ತಿನ್ನುತ್ತದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ ವಿದ್ಯುತ್ ಸಾಣೆಚಕ್ರಕ್ಕೆ ಹಿಡಿಯುವುದು. ಕಾಯಿಸಿ, ತಣ್ಣಗೆ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಕಮ್ಮಾರ ತಂದ ಗಡಸುತನ ಒಣ ಘರ್ಷಣೆಯ ಶಾಖದಲ್ಲಿ ಕ್ಷಣಮಾತ್ರದಲ್ಲಿ ಹೋಗಿಬಿಡುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಅಲಗಿನ ಮೈಮೇಲೆ ನೀಲಿ ಬಣ್ಣ ಮೂಡುತ್ತದೆ. ನೀಲಿಯಾದ ಅಂಚು ಹೆಚ್ಚು ಕಾಲ ಹರಿತ ಉಳಿಸಿಕೊಳ್ಳದು.

ಬೆನ್ನೇ ಕೋನಮಾಪಕ

ಮಸೆಯುವಾಗ ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸುತ್ತಾರೆ. ದಪ್ಪಗಿನ ಬೆನ್ನು ಮತ್ತು ತೆಳ್ಳಗಿನ ಅಂಚು ಎರಡೂ ಕಲ್ಲಿಗೆ ತಾಗಿರಬೇಕು. ಹರಿತದ ಕೋನವನ್ನು ಕೈಯಲ್ಲಿ ಅಂದಾಜು ಮಾಡುವ ಗೊಡವೆಯಿಲ್ಲ. ಬೆನ್ನಿನ ದಪ್ಪವೇ ಅದನ್ನು ನಿಶ್ಚಯಿಸುತ್ತದೆ. ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಬಹುದು. ಅಲಗಿನ ಅಗಲ 16 ಮಿಲಿಮೀಟರ್, ಬೆನ್ನಿನ ದಪ್ಪ 4.5 ಮಿಲಿಮೀಟರ್ ಎನ್ನೋಣ. ದಪ್ಪದ ಅರ್ಧ 2.25. ಅದನ್ನು 16ರಿಂದ ಭಾಗಿಸಿದರೆ 0.14. ಇದು ಅರ್ಧಕೋನದ ಸೈನ್ ಬೆಲೆ. ಅಂದರೆ ಅರ್ಧಕೋನ ಸುಮಾರು 8 ಡಿಗ್ರಿ, ಪೂರ್ಣ ಕೋನ 16 ಡಿಗ್ರಿ. ಲೆಕ್ಕದ ಪುಸ್ತಕ ತೆರೆಯದೆಯೇ ಈ ತ್ರಿಕೋನಮಿತಿ ಕ್ಷೌರಿಕರ ಕೈಯಲ್ಲಿತ್ತು.

ಕಲ್ಲು ಸಮತಟ್ಟಾಗಿರಬೇಕು, ಒದ್ದೆಯಾಗಿರಬೇಕು. ಅಂಚನ್ನು ಮುಂದೆ ಮಾಡಿ, ಕೈಯ ಭಾರ ಹಾಕದೆ ತಳ್ಳಬೇಕು. ಒಂದು ಬದಿಗೆ ಎಷ್ಟು ಸಲವೋ ಇನ್ನೊಂದು ಬದಿಗೂ ಅಷ್ಟೇ ಸಲ. ಈಗ ಅಂಗಡಿಯಲ್ಲಿ ಸಿಗುವ ಕಲ್ಲುಗಳಿಗೆ ನಂಬರುಗಳಿವೆ. ನಂಬರು ಹೆಚ್ಚಿದಷ್ಟೂ ಕಣ ಸಣ್ಣದು. 1000ದಲ್ಲಿ ಅಂಚು ಕಟ್ಟಿ, 4000, 8000 ಎಂದು ಮೇಲೇರಬೇಕು. ಮೊದಲ ಕಲ್ಲಿನ ಕೆಲಸ ಪೂರ್ತಿಯಾಗದೆ ಮುಂದಿನದಕ್ಕೆ ಹೋದರೆ ಎಷ್ಟು ಹೊತ್ತು ಮಸೆದರೂ ವ್ಯರ್ಥ. ಓದಿನ ಮಾತೂ ಹೀಗೆಯೇ ಅಲ್ಲವೆ?

ಕೊನೆಗೆ ಚರ್ಮದ ಪಟ್ಟಿ. ಇಲ್ಲಿ ಕ್ರಮ ತಿರುವುಮುರುವು. ಬೆನ್ನು ಮುಂದೆ, ಅಂಚು ಹಿಂದೆ. ಮರೆತರೆ ಪಟ್ಟಿಯೇ ಕತ್ತರಿಸಿಹೋಗುತ್ತದೆ. ಹರಿತ ಬಂತೇ ಎಂದು ತಿಳಿಯಲು ಬೆರಳಿಡುವುದು ಬೇಡ. ದೀಪದ ಕೆಳಗೆ ಅಂಚನ್ನು ನೇರವಾಗಿ ಕಣ್ಣಿಗೆ ಎದುರು ಹಿಡಿಯಬೇಕು. ಮೊಂಡಾದ ಅಂಚಿಗೆ ಅಗಲವಿರುವುದರಿಂದ ಅದು ಬೆಳಕನ್ನು ಪ್ರತಿಫಲಿಸಿ ಬಿಳಿಗೆರೆಯಾಗಿ ಹೊಳೆಯುತ್ತದೆ. ಹರಿತವಾದ ಅಂಚು ಕಾಣುವುದೇ ಇಲ್ಲ!

ಮೆತ್ತಗಿನದು ಗಟ್ಟಿಯದನ್ನು ಮುರಿಯುವ ಬಗೆ

ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡಸು. ಆದರೂ ಕೂದಲು ಕತ್ತರಿಸಿಯೇ ಅದು ಮೊಂಡಾಗುತ್ತದೆ. ಏಕೆ? ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ಉತ್ತರ ಕೊಟ್ಟರು. ಅಂಚು ನಿಧಾನವಾಗಿ ಸವೆದು ಗುಂಡಗಾಗುವುದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಚೂರುಚೂರಾಗಿ ಎದ್ದುಹೋಗುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಹೀಗಾಗುತ್ತದೆ. ಅಂಚಿನಲ್ಲಿ ಮೊದಲೇ ಸಣ್ಣ ದೋಷವಿದ್ದರಂತೂ ಒಡೆಯುವುದು ಅಲ್ಲಿಂದಲೇ ಶುರು. ಕ್ಷೌರಕ್ಕೆ ಮೊದಲು ಬಿಸಿನೀರು ಹಚ್ಚಿ ಗಡ್ಡ ನೆನೆಸುವ ಪದ್ಧತಿಯೂ ಸುಮ್ಮನೆ ಬಂದದ್ದಲ್ಲ. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ.

ಪೋಷಕರಿಗೆ ಒಂದು ಎಚ್ಚರಿಕೆ. ಹೀಗೆ ಸಜ್ಜಾದ ಕತ್ತಿ ಒಬ್ಬರ ಸ್ವಂತ ಬಳಕೆಗೆ ಮಾತ್ರ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತದ ಮೂಲಕ ಹರಡುವುದರಿಂದ ಅಪ್ಪ-ಮಗನ ನಡುವೆಯೂ ಅದು ಹಂಚಿಕೆಯ ವಸ್ತುವಲ್ಲ. ಮಸೆಯುವುದು ಮಕ್ಕಳು ಒಂಟಿಯಾಗಿ ಮಾಡುವ ಕೆಲಸವೂ ಅಲ್ಲ.

ಆದರೆ ನೋಡಿ ಕಲಿಯಲು ಅಡ್ಡಿಯೇನಿಲ್ಲ. ಮಸೆಗಲ್ಲನ್ನು ಅಂಗಡಿಯಲ್ಲಿ ಕೊಳ್ಳಬಹುದು, ಚರ್ಮದ ಪಟ್ಟಿಯನ್ನೂ ಹೊಸದಾಗಿ ಮಾಡಿಸಬಹುದು. ಎಷ್ಟು ಭಾರ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ಆ ಕತ್ತಿ ಹಿಡಿದ ಹಿರಿಯರ ಕೈಗೇ ಗೊತ್ತು. ಅವರು ಇರುವಾಗಲೇ ಮೊಮ್ಮಗ ಪಕ್ಕದಲ್ಲಿ ಕುಳಿತು ಕೇಳಬೇಕು. ತುಕ್ಕು ಹಿಡಿದ ಉಕ್ಕು ಇನ್ನೂ ಹತ್ತು ವರ್ಷ ಸಂದೂಕಿನಲ್ಲಿ ಕಾದೀತು. ಅಜ್ಜನ ಕೈ ಅಷ್ಟು ದಿನ ಕಾಯಲಾರದು.