ಬಿಡುವಾಗ ಎಷ್ಟು ಕೊಡಬೇಕು?



ಈಗ ಮನೆ ಮನೆಯಲ್ಲೂ ಫೋನ್ ಇದೆ. ಕೆಲವರ ಮನೆಗೆ ಬ್ರಾಡ್‌ಬ್ಯಾಂಡ್ ತಂತಿಯೂ ಬಂದಿದೆ. ಗೋಡೆಯ ಮೇಲೆ ಒಂದು ಡಬ್ಬ ಇರುತ್ತದೆ. ಅದರಲ್ಲಿ ಹಸಿರು ದೀಪ ಮಿಣಮಿಣ ಅನ್ನುತ್ತದೆ. ಅದನ್ನೇ ನಾವು ವೈಫೈ ಅನ್ನುತ್ತೇವೆ. ಮಕ್ಕಳು ಪಾಠ ನೋಡುವುದು ಅದರಿಂದ. ದೂರದ ಊರಿಗೆ ಕೊಟ್ಟ ಮಗಳ ಮುಖ ನೋಡಿ ಮಾತಾಡುವುದೂ ಅದರಿಂದಲೇ.

ಇದನ್ನು ತಗೊಳ್ಳುವುದು ಸುಲಭ. ಬಾಗಿಲಿಗೇ ಬಂದು ಹಾಕಿಕೊಡುತ್ತಾರೆ. ಬಿಡುವುದು ಮಾತ್ರ ಅಷ್ಟು ಸುಲಭ ಅಲ್ಲ. ಅದು ನಮಗೆ ಗೊತ್ತಾದದ್ದು ನಮ್ಮ ಸಂಘದ ಹೊಲಿಗೆ ಅಕ್ಕನಿಂದ.

ಈ ಅಕ್ಕ ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಒಂದು ದಿನ ಬ್ರಾಡ್‌ಬ್ಯಾಂಡ್ ಕಂಪನಿಯ ಹುಡುಗ ಬಂದ.

"ಅಕ್ಕಾ, ತಿಂಗಳಿಗೆ ಐನೂರೇ ರೂಪಾಯಿ. ವರ್ಷದ್ದು ಒಟ್ಟಿಗೆ ಕಟ್ಟಿಬಿಡಿ. ತಂತಿ ಎಳೆಯೋದು ಫ್ರೀ. ಡಬ್ಬಾನೂ ಫ್ರೀ."

"ತೆರಿಗೆ ಗಿರಿಗೆ ಏನಾದ್ರೂ ಇದೆಯೇನಪ್ಪಾ?"

"ಅದು ಸೇರಿ 590 ಆಗುತ್ತೆ ಅಕ್ಕಾ. ವರ್ಷಕ್ಕೆ 7,080. ನಿಮ್ಮ ಫೋನಿಗೆ ಒಂದು ನಂಬರ್ ಬಂದಿರುತ್ತೆ ನೋಡಿ. ಅದನ್ನು ಹೇಳಿ ಸಾಕು."

ಅಕ್ಕ ನಂಬರ್ ಹೇಳಿದರು. ಸಂಘದಿಂದ 5,000 ರೂಪಾಯಿ ಸಾಲ ತೆಗೆದು, ಉಳಿದದ್ದನ್ನು ಹೊಲಿಗೆಯ ದುಡ್ಡಿನಿಂದ ಸೇರಿಸಿ ಕಟ್ಟಿದರು. ತೆರಿಗೆ ಕೇಳಿದ ಅಕ್ಕ ಇನ್ನೊಂದು ಮಾತು ಕೇಳಬೇಕಿತ್ತು. ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ? ಅದನ್ನು ಕೇಳಲಿಲ್ಲ. ಹುಡುಗನೂ ಹೇಳಲಿಲ್ಲ.

ಐದು ತಿಂಗಳು ಕಳೆಯಿತು. ಮನೆ ಮಾಲೀಕರು ಮಗನ ಮದುವೆ ಇದೆ, ಮನೆ ಖಾಲಿ ಮಾಡಿ ಅಂದರು. ಅಕ್ಕನಿಗೆ ಊರಿನ ಇನ್ನೊಂದು ಕಡೆ ಮನೆ ಸಿಕ್ಕಿತು. ಕಂಪನಿಯವರನ್ನು ಕೇಳಿದರೆ, "ನಮ್ಮ ಲೈನ್ ಆ ಕಡೆ ಇಲ್ಲ" ಅಂದರು.

"ಹಾಗಾದ್ರೆ ಉಳಿದ ದುಡ್ಡು ವಾಪಸ್ ಕೊಡಿ."

"ಅದು ವರ್ಷದ ಪ್ಲಾನ್. ಮಧ್ಯದಲ್ಲಿ ಬಿಟ್ರೆ ಒಂದು ರೂಪಾಯೀನೂ ಬರಲ್ಲ."

ಅಕ್ಕ ಆ ವಾರ ಸಂಘದ ಸಭೆಗೆ ಬಂದಾಗ ಮುಖ ಸಪ್ಪಗಿತ್ತು. ಬಳಸದ ಏಳು ತಿಂಗಳ ದುಡ್ಡು ಹೋಯಿತು. ಸಂಘದ ಸಾಲದ ಕಂತು ಮಾತ್ರ ಹಾಗೇ ಉಳಿಯಿತು.

ನಂಬರ್ ಹೇಳಿದರೆ ಸಹಿ ಹಾಕಿದಂತೆ

ನಮ್ಮಲ್ಲಿ ಕೆಲವರು ಕೇಳಿದರು, "ಅಕ್ಕ ಯಾವ ಕಾಗದಕ್ಕೂ ಸಹಿ ಹಾಕಿಲ್ಲವಲ್ಲ? ಮತ್ತೆ ಕರಾರು ಎಲ್ಲಿಂದ ಬಂತು?"

ಹಿಂದೆ ಸಾಲದ ಪತ್ರಕ್ಕೆ ನಮ್ಮವರು ಹೆಬ್ಬೆಟ್ಟು ಒತ್ತುತ್ತಿದ್ದರು. ಪತ್ರದಲ್ಲಿ ಏನಿದೆ ಅಂತ ಗೊತ್ತಿರುತ್ತಿರಲಿಲ್ಲ. ಈಗ ನಾವು ಅಕ್ಷರ ಕಲಿತಿದ್ದೇವೆ, ಸಹಿ ಹಾಕುತ್ತೇವೆ. ಆದರೆ ಫೋನಿಗೆ ಬರುವ ಆ ನಂಬರಿದೆಯಲ್ಲ, ಒಟಿಪಿ, ಅದೂ ಒಂದು ಹೆಬ್ಬೆಟ್ಟೇ. ಅದನ್ನು ಹೇಳಿದರೆ "ನಿಮ್ಮ ಷರತ್ತು ನನಗೆ ಒಪ್ಪಿಗೆ" ಅಂದ ಹಾಗೆ. ಆ ನಂಬರ್ ಬಂದ ಮೆಸೇಜನ್ನು ಪೂರ್ತಿ ಓದಬೇಕು. ಯಾತಕ್ಕೆ ಒಪ್ಪಿಗೆ ಕೇಳುತ್ತಿದ್ದಾರೆ ಅಂತ ಅದರಲ್ಲೇ ಬರೆದಿರುತ್ತದೆ.

ಅಕ್ಕನ ಫೋನಿನಲ್ಲಿ ಆ ಹಳೆಯ ಮೆಸೇಜ್ ಇನ್ನೂ ಇತ್ತು. ಅಳಿಸಿರಲಿಲ್ಲ. ಅದೃಷ್ಟ! ಅದರ ಜೊತೆಯಲ್ಲೇ ಷರತ್ತುಗಳ ಪುಟವೂ ಇತ್ತು. ಇಂಗ್ಲಿಷಿನಲ್ಲಿತ್ತು. ಅಕ್ಕನ ಮಗಳು ಕೂತು ಓದಿ ಅರ್ಥ ಹೇಳಿದಳು. ಮಧ್ಯದಲ್ಲಿ ಬಿಟ್ಟರೆ ಬಳಸಿದ ತಿಂಗಳ ಬಾಡಿಗೆ ಹಿಡಿಯುತ್ತೇವೆ. ತಂತಿ ಎಳೆದ ಖರ್ಚು 1,000 ರೂಪಾಯಿ ಹಿಡಿಯುತ್ತೇವೆ. ಡಬ್ಬ ವಾಪಸ್ ಕೊಡದಿದ್ದರೆ 1,500 ರೂಪಾಯಿ ಹಿಡಿಯುತ್ತೇವೆ. ಉಳಿದದ್ದು ಕೊಡುತ್ತೇವೆ. ಹೀಗಿತ್ತು ಅದರಲ್ಲಿ. ಒಂದು ರೂಪಾಯಿಯೂ ಬರಲ್ಲ ಅಂತ ಎಲ್ಲೂ ಇರಲಿಲ್ಲ. ಕಂಪನಿಯವನ ಬಾಯಿಮಾತೇ ಬೇರೆ, ಕಂಪನಿಯ ಬರಹವೇ ಬೇರೆ!

ಫ್ರೀ ಅಂದರೆ ಏನು?

ಚೀಟಿ ಹಾಕಿದವರಿಗೆ ಇದು ಬೇಗ ತಿಳಿಯುತ್ತದೆ. ಚೀಟಿಯನ್ನು ಮಧ್ಯದಲ್ಲಿ ಬಿಟ್ಟರೆ ಕಟ್ಟಿದ್ದು ಪೂರ್ತಿ ಕೈಗೆ ಬರುವುದಿಲ್ಲ. ಇಲ್ಲೂ ಹಾಗೆಯೇ. ಕಂಪನಿ ಕಂಬದಿಂದ ಮನೆ ತನಕ ತಂತಿ ಎಳೆಯುತ್ತದೆ. ಡಬ್ಬ ಕೊಡುತ್ತದೆ. ಬಾಗಿಲಿಗೆ ಬಂದ ಹುಡುಗನಿಗೂ ಏನೋ ಕೊಡುತ್ತದೆ. ಇದೆಲ್ಲಕ್ಕೂ ದುಡ್ಡು ಬಿದ್ದಿರುತ್ತದೆ. ನಾವು ವರ್ಷ ಪೂರ್ತಿ ಇದ್ದರೆ ಅದು ಬಾಡಿಗೆಯಲ್ಲೇ ಹುಟ್ಟಿಬರುತ್ತದೆ ಅನ್ನೋ ಲೆಕ್ಕ ಅವರದು. ನಾವು ಬೇಗ ಬಿಟ್ಟರೆ ಅದನ್ನು ನಮ್ಮಿಂದ ಕೇಳುತ್ತಾರೆ. ಬೇಗ ಬಿಟ್ಟದ್ದಕ್ಕೆ ಹಿಡಿಯುವ ಶುಲ್ಕ ಅಂದರೆ ಇದೇ. ನಿಜ ಹೇಳಬೇಕೆಂದರೆ, ಕೇಳುವುದೇ ತಪ್ಪು ಅಂತ ನಾವು ಹೇಳುವುದಿಲ್ಲ. ಮೊದಲೇ ಹೇಳದೆ ಇರುವುದು ತಪ್ಪು. ಆದ ಖರ್ಚಿಗಿಂತ ಹೆಚ್ಚು ಹಿಡಿಯುವುದು ತಪ್ಪು.

ಅಕ್ಕನ ಲೆಕ್ಕವನ್ನು ನಾವೇ ಮಾಡಿದೆವು. ನೀವೂ ಒಂದು ಹಾಳೆಯಲ್ಲಿ ಮಾಡಿ ನೋಡಿ.

ಕಟ್ಟಿದ್ದು 7,080.
ಐದು ತಿಂಗಳ ಬಾಡಿಗೆ, 590ರ ಐದು ಪಟ್ಟು, 2,950. ಕಳೆದರೆ ಉಳಿದದ್ದು 4,130.
ತಂತಿಯ ಖರ್ಚು 1,000. ಕಳೆದರೆ ಉಳಿದದ್ದು 3,130.

ಡಬ್ಬ ಕೊಟ್ಟಿದ್ದರೆ ಅಕ್ಕನಿಗೆ 3,130 ರೂಪಾಯಿ ಬರಬೇಕು. ಕೊಟ್ಟಿಲ್ಲದಿದ್ದರೆ ಅದರಲ್ಲಿ 1,500 ಹೋಗಿ 1,630.

"ಡಬ್ಬ ಕೊಟ್ಟಿದ್ದೀನಿ. ಆ ಹುಡುಗನೇ ಬಂದು ಬಿಚ್ಚಿಕೊಂಡು ಹೋದ" ಅಂದರು ಅಕ್ಕ.

"ಚೀಟಿ ಏನಾದ್ರೂ ಬರೆದು ಕೊಟ್ಟನೇ?"

ಅಕ್ಕ ಸುಮ್ಮನಾದರು.

ಕಾಯಿದೆ ಏನು ಹೇಳುತ್ತದೆ?

ಕರಾರು ಕಾಯಿದೆ ನಮ್ಮ ದೇಶದಲ್ಲಿ 1872ರಿಂದ ಇದೆ. ಒಬ್ಬರು ಕರಾರು ಮುರಿದರೆ ಇನ್ನೊಬ್ಬರಿಗೆ ನ್ಯಾಯವಾದಷ್ಟು ಪರಿಹಾರ ಸಿಗಬೇಕು ಅನ್ನುತ್ತದೆ ಅದು. ಕಾಗದದಲ್ಲಿ ಬರೆದ ದಂಡದ ಮೊತ್ತ ಮೇಲಿನ ಮಿತಿ ಅಷ್ಟೇ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಅಷ್ಟೂ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. 2019ರ ಗ್ರಾಹಕರ ರಕ್ಷಣಾ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳಮೇಳ ಇಲ್ಲದಿದ್ದರೆ ಅದು ಅನ್ಯಾಯದ ಕರಾರು ಅಂತ ಹೇಳುತ್ತದೆ.

ಫೋನ್ ಮತ್ತು ಬ್ರಾಡ್‌ಬ್ಯಾಂಡ್ ಕಂಪನಿಗಳಿಗೆ ನಿಯಮ ಮಾಡುವ ಸಂಸ್ಥೆಯ ಹೆಸರು ಟ್ರಾಯ್. ಅದು ದೆಹಲಿಯಲ್ಲಿದೆ, 1997ರಲ್ಲಿ ಶುರುವಾಯಿತು. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ಕೇಳುವುದಿಲ್ಲ. ಆದರೆ ದೂರು ಹೇಗೆ ತಗೊಳ್ಳಬೇಕು ಅಂತ ಕಂಪನಿಗಳಿಗೆ 2012ರಲ್ಲಿ ನಿಯಮ ಮಾಡಿದೆ. ನಾವು ಹಿಡಿದ ದಾರಿ ಅದೇ.

ಮೊದಲು ಅಕ್ಕ ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿದರು. ದೂರು ಬರೆದುಕೊಂಡ ಮೇಲೆ ಅವರು ಒಂದು ದೂರು ಸಂಖ್ಯೆ ಕೊಡಲೇಬೇಕು. ಅಕ್ಕ ಆ ಸಂಖ್ಯೆಯನ್ನು ಬ್ಲೌಸಿನ ಅಳತೆ ಬರೆಯುವ ಪುಸ್ತಕದಲ್ಲಿ ಬರೆದಿಟ್ಟರು. ತಾರೀಕನ್ನೂ ಬರೆದರು. ಮೂರು ದಿನಕ್ಕೆ ಮೆಸೇಜ್ ಬಂತು. "ನಿಮ್ಮ ದೂರು ಬಗೆಹರಿದಿದೆ." ದುಡ್ಡು ಮಾತ್ರ ಬಂದಿರಲಿಲ್ಲ!

ಇಲ್ಲೇ ಬಹಳ ಜನ ಕೈಬಿಡುತ್ತಾರೆ. ಇದರ ಮೇಲೆ ಇನ್ನೊಂದು ಮೆಟ್ಟಿಲಿದೆ. ಅದಕ್ಕೆ ಮೇಲ್ಮನವಿ ಅಂತಾರೆ. ಕಂಪನಿಯಲ್ಲೇ ಮೇಲ್ಮನವಿ ಕೇಳುವವರು ಇರುತ್ತಾರೆ. 30 ದಿನದ ಒಳಗೆ ಕೊಡಬೇಕು. ದುಡ್ಡು ಕಟ್ಟಬೇಕಿಲ್ಲ. ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. ಅಕ್ಕ ಹಳೆಯ ದೂರಿನ ಸಂಖ್ಯೆ, ಷರತ್ತಿನ ಪುಟ, ನಮ್ಮ ಲೆಕ್ಕದ ಹಾಳೆ ಎಲ್ಲ ಸೇರಿಸಿ ಕಳಿಸಿದರು. ದುಡ್ಡು ಬಂತು. 1,630 ರೂಪಾಯಿ. ಡಬ್ಬದ 1,500 ಹಿಡಿದುಕೊಂಡಿದ್ದರು.

ಆ 1,500ಕ್ಕೆ ಅಕ್ಕ ಇನ್ನೂ ಹೋರಾಡುತ್ತಿದ್ದಾರೆ. 1915ಕ್ಕೆ ಫೋನ್ ಮಾಡಿದರು. ಅದು ಸರ್ಕಾರದ ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಹಿಂದೆ 2009ರ ಒಂದು ತೀರ್ಪನ್ನು ಹಿಡಿದುಕೊಂಡು, ಫೋನಿನ ತಕರಾರು ಗ್ರಾಹಕರ ಕೋರ್ಟಿಗೆ ಬರುವ ಹಾಗಿಲ್ಲ ಅಂತ ಕಂಪನಿಗಳು ವಾದ ಮಾಡುತ್ತಿದ್ದವು. ಬರಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಆಯೋಗದಲ್ಲಿ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಅಕ್ಕ ಅರ್ಜಿಯನ್ನು ತಾವೇ ಬರೆಯುತ್ತಿದ್ದಾರೆ. ಎರಡು ಸಲ ಬರೆದು ಹರಿದು ಹಾಕಿದ್ದಾರೆ. ಅಕ್ಷರ ದುಂಡಗೆ ಬರಲಿಲ್ಲವಂತೆ. ಅಕ್ಷರ ಹೇಗಿದ್ದರೂ ನಡೆಯುತ್ತದೆ ಅಂತ ನಾವು ಹೇಳಿದ್ದೇವೆ.

ಡಬ್ಬ ಕೊಟ್ಟರೆ ಚೀಟಿ ತಗೊಳ್ಳಿ. ಚೀಟಿ ಇಲ್ಲ ಅಂದರೆ ಡಬ್ಬ ಹಿಡಿದ ಹುಡುಗನ ಫೋಟೋ ತೆಗೆದಿಟ್ಟುಕೊಳ್ಳಿ. ಡಬ್ಬದ ಕೆಳಗೆ ಬರೆದಿರುವ ನಂಬರನ್ನೂ ಬರೆದಿಡಿ.

ಇನ್ನೊಂದು ವಿಷಯ ಮರೆಯಬಾರದು. ಕೆಲವರು ತಿಂಗಳು ತಿಂಗಳು ಬ್ಯಾಂಕಿನಿಂದ ದುಡ್ಡು ತಾನಾಗಿ ಹೋಗುವ ಹಾಗೆ ಒಪ್ಪಿಗೆ ಕೊಟ್ಟಿರುತ್ತಾರೆ. ಅದಕ್ಕೆ ಆಟೋಪೇ ಅಂತಾರೆ. ಬ್ರಾಡ್‌ಬ್ಯಾಂಡ್ ನಿಲ್ಲಿಸಿದರೂ ಆ ಒಪ್ಪಿಗೆ ನಿಲ್ಲದೆ ಇರಬಹುದು. ಹೀಗೆ ದುಡ್ಡು ಹೋಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ, 2021ರ ಅಕ್ಟೋಬರಿನಿಂದ ಇದೆ. ಆ ಮೆಸೇಜ್ ಬಂದರೆ ಪಕ್ಕಕ್ಕೆ ಸರಿಸಬೇಡಿ. ಬ್ಯಾಂಕಿಗೆ ಹೋಗಿ, ಇಲ್ಲವೇ ಫೋನಿನಲ್ಲೇ ಒಪ್ಪಿಗೆ ರದ್ದು ಮಾಡಿ.

"ಹಾಗಾದ್ರೆ ಸಿಮ್ ಬಿಟ್ರೂ ದಂಡ ಕಟ್ಟಬೇಕಾ?" ಅಂತ ಸಭೆಯಲ್ಲಿ ಒಬ್ಬರು ಕೇಳಿದರು.

ನಮ್ಮಲ್ಲಿ ಹೆಚ್ಚು ಜನರ ಹತ್ತಿರ ಇರುವುದು ರೀಚಾರ್ಜ್ ಮಾಡುವ ಸಿಮ್. ಮೊದಲು ದುಡ್ಡು, ಆಮೇಲೆ ಮಾತು. ಅದನ್ನು ಬಿಟ್ಟರೆ ದಂಡ ಇಲ್ಲ. ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗಬಹುದು. 2011ರಿಂದ ದೇಶದ ಎಲ್ಲ ಕಡೆ ಈ ಸೌಲಭ್ಯ ಇದೆ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ನಾಲ್ಕು ಅಕ್ಷರ ಬರೆದು, ಸ್ವಲ್ಪ ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರ್ ಬರೆದು 1900ಕ್ಕೆ ಮೆಸೇಜ್ ಕಳಿಸಿ. ಎಂಟು ಅಕ್ಷರದ ಒಂದು ಗುರುತು ಬರುತ್ತದೆ. ನಮ್ಮ ಕಡೆ ಅದು ನಾಲ್ಕು ದಿನ ನಡೆಯುತ್ತದೆ. ಹೊಸ ಕಂಪನಿಯ ಅಂಗಡಿಯಲ್ಲಿ ಅದನ್ನು ತೋರಿಸಬೇಕು. ಫೋನ್ ಮಾಡಿ ಕೇಳಿದವರಿಗೆ ಹೇಳಬಾರದು. ಹಳೆಯ ಸಿಮ್ಮಿನಲ್ಲಿ ಉಳಿದ ರೀಚಾರ್ಜ್ ಹೋಗುತ್ತದೆ. ಅದಕ್ಕೆ ರೀಚಾರ್ಜ್ ಮುಗಿಯುವ ಹೊತ್ತಿಗೆ ಬದಲಾಯಿಸುವುದು ಒಳ್ಳೆಯದು.

ತಿಂಗಳ ಕೊನೆಗೆ ಬಿಲ್ ಬರುವ ಸಿಮ್ಮಾದರೆ ಬಾಕಿ ತೀರಿಸಬೇಕು. ಇಷ್ಟು ತಿಂಗಳು ಇರುತ್ತೇನೆ ಅಂತ ಕರಾರು ಮಾಡಿದ್ದರೆ ಅದನ್ನೂ ಮುಗಿಸಿಕೊಳ್ಳಬೇಕು. ಇಲ್ಲಾಂದ್ರೆ ಆ ಎಂಟು ಅಕ್ಷರ ಬರುವುದಿಲ್ಲ. ಕಂತಿನಲ್ಲಿ ತಗೊಂಡ ಫೋನು ಬೇರೆ ಕರಾರು. ಸಿಮ್ ಬಿಟ್ಟರೂ ಕಂತು ನಿಲ್ಲುವುದಿಲ್ಲ.

ರೀಚಾರ್ಜಿನಲ್ಲೂ ಒಂದು ಲೆಕ್ಕ ಇದೆ. 28 ದಿನದ ರೀಚಾರ್ಜನ್ನು ನಾವು ತಿಂಗಳದ್ದು ಅಂತೀವಿ. ಅದನ್ನು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕಾಗುತ್ತದೆ. 30 ದಿನದ್ದೂ ಒಂದು ಇಟ್ಟಿರಬೇಕು ಅಂತ 2022ರಲ್ಲಿ ಟ್ರಾಯ್ ಕಂಪನಿಗಳಿಗೆ ಹೇಳಿದೆ. ಅಂಗಡಿಯಲ್ಲಿ ಬಾಯಿ ಬಿಟ್ಟು ಕೇಳಿ.

ಸಿಮ್ಮಾಗಲಿ ತಂತಿಯಾಗಲಿ, ಯಾರ ಹೆಸರಿನಲ್ಲಿದೆ ಅಂತಲೂ ನೋಡಿಕೊಳ್ಳಿ. ದುಡ್ಡು ನಾವು ಕಟ್ಟುತ್ತೇವೆ, ಹೆಸರು ಭಾವನದೋ ಅಣ್ಣನದೋ ಇರುತ್ತದೆ. ಆಮೇಲೆ ನಿಲ್ಲಿಸಿ ಅಂದರೆ ಕಂಪನಿಯವರು ನಮ್ಮ ಮಾತು ಕೇಳುವುದಿಲ್ಲ. ಹೆಸರಿನವರೇ ಬರಬೇಕು ಅಂತಾರೆ.

ಹೊಲಿಗೆ ಅಕ್ಕನ ಹೊಸ ಮನೆಗೂ ಹೋದ ತಿಂಗಳು ಬ್ರಾಡ್‌ಬ್ಯಾಂಡ್ ಬಂತು. ಬೇರೆ ಕಂಪನಿ, ಬೇರೆ ಹುಡುಗ. ಅವನೂ ವರ್ಷದ್ದು ಕಟ್ಟಿ ಅಂದ.

"ಬೇಡಪ್ಪಾ. ತಿಂಗಳು ತಿಂಗಳು ಕಟ್ತೀನಿ. ಮಧ್ಯದಲ್ಲಿ ಬಿಟ್ರೆ ಎಷ್ಟು ಹಿಡೀತೀರಿ? ಮನೆ ಬದಲಾಯಿಸಿದ್ರೆ ಏನು? ಡಬ್ಬ ನಿಮ್ಮದೋ ನಂದೋ?"

ಹುಡುಗ ತಲೆ ಕೆರೆದುಕೊಂಡ. "ನಮ್ಮ ಸರ್‌ನ ಕೇಳಿ ಹೇಳ್ತೀನಿ ಅಕ್ಕಾ."

"ಹೇಳೋದು ಬೇಡ. ಬರೆದು ಕಳಿಸೋಕೆ ಹೇಳು. ಓದಿ ಆಮೇಲೆ ನಂಬರ್ ಕೊಡ್ತೀನಿ."

ಸಂಜೆ ಹೊತ್ತಿಗೆ ಮೆಸೇಜ್ ಬಂತು. ಕನ್ನಡದಲ್ಲೇ ಇತ್ತು. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ಓದಿದರು. ಡಬ್ಬಕ್ಕೆ ಡಿಪಾಸಿಟ್ 1,000 ಅಂತ ಇತ್ತು. ಅದು ವಾಪಸ್ ಬರುತ್ತೆ ಅಂತ ಇರಲಿಲ್ಲ. ಅಕ್ಕ ಮತ್ತೆ ಫೋನ್ ಹಚ್ಚಿದರು.