ಎತ್ತು ಎಳೆಯುವ ಚಕ್ರ, ಎಂಜಿನ್ ತಿರುಗಿಸುವ ಚಕ್ರ

ಎತ್ತಿನ ಗಾಡಿಯ ಚಕ್ರ ಯಾಕೆ ಅಷ್ಟು ದೊಡ್ಡದು? ದಾರಿಯ ನಡುವೆ ಎದ್ದ ಕಲ್ಲನ್ನು ಗಾಡಿ ಹತ್ತಿ ಇಳಿಯುವುದನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಚಿಕ್ಕ ಚಕ್ರಕ್ಕೆ ಆ ಕಲ್ಲು ಗೋಡೆ. ದೊಡ್ಡ ಚಕ್ರಕ್ಕೆ ಅದೇ ಕಲ್ಲು ಒಂದು ಏರು. ಲೆಕ್ಕ ಹಾಕಿ ನೋಡಬಹುದು. 80 ಸೆಂಟಿಮೀಟರ್ ವ್ಯಾಸದ ಗಟ್ಟಿ ಚಕ್ರ 15 ಸೆಂಟಿಮೀಟರ್ ಎತ್ತರದ ಕಲ್ಲನ್ನು ಹತ್ತಬೇಕಾದರೆ, ಅದರ ಮೇಲಿನ ಭಾರದ ಸುಮಾರು 1.25 ಪಟ್ಟು ಬಲದಿಂದ ಅಚ್ಚನ್ನು ಮುಂದಕ್ಕೆ ಎಳೆಯಬೇಕು. ವ್ಯಾಸ 89 ಸೆಂಟಿಮೀಟರ್ ಆದರೆ 1.13 ಪಟ್ಟು ಸಾಕು. ಎತ್ತಿಗೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಶ್ರಮ ಉಳಿಯಿತು.

ಜೀಪು, ಪಿಕಪ್ ಇಟ್ಟುಕೊಂಡವರು ದೊಡ್ಡ ಟೈರಿಗೆ ಆಸೆಪಡುವುದರ ಹಿಂದೆ ಇರುವುದೂ ಇದೇ ನ್ಯಾಯ. ಆದರೆ ಎತ್ತಿಗೂ ಎಂಜಿನ್ನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಎತ್ತು ನೊಗದಿಂದ ಗಾಡಿಯನ್ನು ಎಳೆಯುತ್ತದೆ. ಚಕ್ರ ತಾನಾಗಿ ಉರುಳುತ್ತದೆ. ಎಂಜಿನ್ ಹಾಗಲ್ಲ, ಅದು ಅಚ್ಚನ್ನು ಒಳಗಿನಿಂದ ತಿರುಚುತ್ತದೆ. ತಿರುಚುವವನಿಗೆ ಚಕ್ರದ ತ್ರಿಜ್ಯವೇ ಎದುರಾಳಿಯ ಕೈಯಲ್ಲಿರುವ ಸನ್ನೆಕೋಲು. ಅಚ್ಚಿನ ತಿರುಚುಬಲ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದರೆ, ಟೈರು ನೆಲವನ್ನು ಹಿಂದಕ್ಕೆ ಒತ್ತುವ ಬಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. 80ರಿಂದ 89ಕ್ಕೆ ಹೋದಾಗ ಇದೂ ಹತ್ತರಲ್ಲಿ ಒಂದು ಪಾಲು. ಎತ್ತಿಗೆ ಉಳಿದಷ್ಟನ್ನೇ ಎಂಜಿನ್ ಕಳೆದುಕೊಂಡಿತು. ಅದನ್ನು ಮರಳಿ ಕೊಡುವ ಜಾಗ ಒಂದೇ: ಚಕ್ರಗಳ ನಡುವಿನ ಹಲ್ಲುಚಕ್ರಗಳು.

ಲಾರಿಯ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಮಡಕೆ ಮಗುಚಿಟ್ಟಂಥ ಕಬ್ಬಿಣದ ಉಬ್ಬು ಕಾಣುತ್ತದೆ. ಅದರೊಳಗೆ ತಟ್ಟೆಯಂಥ ದೊಡ್ಡ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡು ಒಂದು ಚಿಕ್ಕ ಹಲ್ಲುಚಕ್ರ. ನಮ್ಮ ಗ್ಯಾರೇಜುಗಳಲ್ಲಿ ಈ ಜೋಡಿಗೆ ಕ್ರೌನ್-ಪಿನಿಯನ್ ಎನ್ನುತ್ತಾರೆ. ಎಂಜಿನ್ನಿನಿಂದ ಬಂದ ಉದ್ದದ ಶಾಫ್ಟು ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 10 ಹಲ್ಲು ಇದ್ದರೆ ಶಾಫ್ಟು 4.10 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಸುತ್ತು ಕಡಿಮೆಯಾದಷ್ಟೂ ತಿರುಚುಬಲ ಹೆಚ್ಚುತ್ತದೆ. ವಾಹನದ ವಿವರಪಟ್ಟಿಯಲ್ಲಿ 3.73, 4.10, 4.56, 4.88 ಎಂದು ಕಾಣುವ ಅಂಕಿಗಳೆಲ್ಲ ಹಲ್ಲುಗಳ ಎಣಿಕೆಯಿಂದ ಬಂದವು. 41ನ್ನು 11ರಿಂದ ಭಾಗಿಸಿದರೆ 3.73, 9ರಿಂದ ಭಾಗಿಸಿದರೆ 4.56. 39ನ್ನು 8ರಿಂದ ಭಾಗಿಸಿದರೆ 4.88.

ಸರಿಯಾಗಿ 4 ಎಂದೇ ಇಡಬಹುದಿತ್ತಲ್ಲ, ಈ ಮುರುಕು ಅಂಕಿಗಳೇಕೆ? ಇದರಲ್ಲೊಂದು ಸೊಗಸಾದ ಜಾಣ್ಮೆಯಿದೆ. 40 ಮತ್ತು 10 ಹಲ್ಲಿನ ಜೋಡಿಯಾದರೆ ಪಿನಿಯನ್ನಿನ ಒಂದು ಹಲ್ಲು ಜೀವಮಾನವಿಡೀ ಕ್ರೌನಿನ ಅದೇ ನಾಲ್ಕು ಹಲ್ಲುಗಳನ್ನು ಮುಟ್ಟುತ್ತಿರುತ್ತದೆ. ಒಂದು ಹಲ್ಲಿನಲ್ಲಿ ಊನವಿದ್ದರೆ ಆ ನಾಲ್ಕೇ ಹಲ್ಲು ಸವೆಯುತ್ತವೆ. 41 ಮತ್ತು 10ಕ್ಕೆ 1ನ್ನು ಬಿಟ್ಟರೆ ಸಾಮಾನ್ಯ ಭಾಜಕವಿಲ್ಲ. ಹಾಗಾಗಿ ಪ್ರತಿ ಹಲ್ಲೂ ಎದುರು ಚಕ್ರದ ಎಲ್ಲ ಹಲ್ಲುಗಳನ್ನೂ ಸರದಿಯಲ್ಲಿ ಸಂಧಿಸುತ್ತದೆ, ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಈಗ ನಿಜವಾದ ವಾಹನವೊಂದನ್ನು ನೋಡೋಣ. ಅಮೆರಿಕದ ಜೀಪ್ ರಾಂಗ್ಲರ್‌ನ ಸಾಮಾನ್ಯ ಮಾದರಿಗೆ 245/75 ಆರ್ 17 ಅಳತೆಯ ಟೈರು. ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರಕ್ಕೆ ಟೈರಿನ ಪಕ್ಕ ಏರಿದೆ ಎಂಬುದು. ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 245ರ ಶೇಕಡಾ 75 ಎಂದರೆ ಸುಮಾರು 184. ಮೇಲೆ ಕೆಳಗೆ ಎರಡು ಬಾರಿ ಕೂಡಿಸಿ, ರಿಮ್ಮಿನ 17 ಇಂಚು, ಅಂದರೆ 432 ಮಿಲಿಮೀಟರ್, ಸೇರಿಸಿದರೆ 80 ಸೆಂಟಿಮೀಟರ್, ಅಂದರೆ 31.5 ಇಂಚು. ಮೇಲೆ ಹೇಳಿದ ಗಾಡಿ ಚಕ್ರದ ಅಳತೆಯೇ. ಆಟೊಮ್ಯಾಟಿಕ್ ಗೇರಿನ ಈ ಮಾದರಿಯಲ್ಲಿ ಕ್ರೌನ್-ಪಿನಿಯನ್ ಅನುಪಾತ 3.45.

ಇದಕ್ಕೆ 35 ಇಂಚಿನ, ಅಂದರೆ 89 ಸೆಂಟಿಮೀಟರಿನ ಟೈರು ಹಾಕುವ ಆಸೆ ಎಂದುಕೊಳ್ಳಿ. ಮಡ್‌ಗಾರ್ಡಿಗೆ ತಾಗದಿರಲು ಸ್ಪ್ರಿಂಗ್ ಎತ್ತರಿಸಬೇಕು. ಎತ್ತರಿಸಿದ ಮಾತ್ರಕ್ಕೆ ವಾಹನದ ಅಡಿಯೆಲ್ಲ ನೆಲದಿಂದ ದೂರವಾಯಿತು ಎಂದು ಹಲವರು ತಿಳಿಯುತ್ತಾರೆ. ಸ್ಪ್ರಿಂಗ್ ಎತ್ತುವುದು ಬಾಡಿಯನ್ನು ಮಾತ್ರ. ಕಲ್ಲಿಗೆ ಮೊದಲು ಬಡಿಯುವ ಆ ಮಡಕೆಯಂಥ ಉಬ್ಬು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. ಇಲ್ಲಿ 1.75 ಇಂಚು. ಸ್ಪ್ರಿಂಗ್ ಟೈರಿಗೆ ಜಾಗ ಮಾಡಿಕೊಡುತ್ತದೆ, ಟೈರು ಅಚ್ಚಿಗೆ ಎತ್ತರ ಕೊಡುತ್ತದೆ, ಕ್ರೌನ್-ಪಿನಿಯನ್ ಎಂಜಿನ್ನಿಗೆ ಕಸುವು ತುಂಬುತ್ತದೆ. ಮೂರೂ ಒಂದೇ ಕೆಲಸದ ಭಾಗಗಳು.

ಗೇರ್‌ಬಾಕ್ಸು ಶಾಫ್ಟನ್ನು ಎಂಜಿನ್ನಿನ ವೇಗದಲ್ಲೇ ತಿರುಗಿಸುವ ಗೇರಿನಲ್ಲಿ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಹಳೆಯ ಟೈರಿದ್ದಾಗ ಎಂಜಿನ್ ನಿಮಿಷಕ್ಕೆ ಸುಮಾರು 1830 ಸುತ್ತು ಸುತ್ತುತ್ತಿತ್ತು. ಟೈರು ಮಾತ್ರ ಬದಲಿಸಿದರೆ ಅದು 1650ಕ್ಕೆ ಇಳಿಯುತ್ತದೆ. ಸುತ್ತು ಕಡಿಮೆಯಾದರೆ ಡೀಸೆಲ್ಲೋ ಪೆಟ್ರೋಲೋ ಉಳಿಯಿತು ಎಂದು ಸಂತೋಷಪಡುವಂತಿಲ್ಲ. ಆ ವೇಗದಲ್ಲಿ ಎಂಜಿನ್ನಿಗೆ ಭಾರ ಹೊರುವ ಶಕ್ತಿ ಇರುವುದಿಲ್ಲ. ಏರು ಬಂದ ಕೂಡಲೇ ಗೇರ್ ಇಳಿಸಬೇಕು. ಆಟೊಮ್ಯಾಟಿಕ್ ಆದರೆ ಮೇಲಿನ ಗೇರಿಗೆ ಹೋಗಿ, ನಿಲ್ಲಲಾರದೆ ಮರಳಿ ಬಂದು, ಒದ್ದಾಡುತ್ತಲೇ ಒಳಗಿನ ಎಣ್ಣೆಯನ್ನು ಕಾಯಿಸುತ್ತದೆ. ಮ್ಯಾನ್ಯುವಲ್ ಆದರೆ ಕಡಿದಾದ ದಾರಿಯಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಂತು ನಿಂತು ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ.

ಹೊಸ ಅನುಪಾತ ಕಂಡುಕೊಳ್ಳಲು ಹಳೆಯದನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ವ್ಯಾಸದಿಂದ ಭಾಗಿಸಬೇಕು. 3.45ಕ್ಕೆ ಬದಲು 3.83 ಬೇಕೆಂದು ಉತ್ತರ ಬರುತ್ತದೆ. ಆದರೆ ಈ ಸೂತ್ರಕ್ಕೆ ತೂಕ ಗೊತ್ತಿಲ್ಲ. ದೊಡ್ಡ ಟೈರು ಭಾರವಾಗಿರುತ್ತದೆ. ಆ ಭಾರವೂ ಅಚ್ಚಿನಿಂದ ದೂರ, ಅಂಚಿನಲ್ಲಿ ಕೂತಿರುತ್ತದೆ. ಬೀಸುಕಲ್ಲನ್ನು ನಿಂತಲ್ಲಿಂದ ತಿರುಗಿಸಲು ಮೊದಲ ಸುತ್ತಿಗೆ ಎಷ್ಟು ಬಲ ಬೇಕೋ, ಇಲ್ಲೂ ಹಾಗೆಯೇ. ಎತ್ತರವಾದ ಬಾಡಿಗೆ ಗಾಳಿಯೂ ಹೆಚ್ಚು ಅಡ್ಡ ಬರುತ್ತದೆ. ಆದ್ದರಿಂದ ಅನುಭವಿಗಳು ಲೆಕ್ಕಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೇ ಹೋಗುತ್ತಾರೆ. ಜೀಪ್ ಕಂಪನಿಯೂ ಅದನ್ನೇ ಮಾಡಿದೆ. 33 ಇಂಚಿನ ಟೈರಿನ ರೂಬಿಕಾನ್ ಮಾದರಿಗೆ ಅದು ಕೊಟ್ಟಿರುವುದು 4.10. 2021ರಲ್ಲಿ ಕಾರ್ಖಾನೆಯಿಂದಲೇ 35 ಇಂಚಿನ ಟೈರಿನೊಂದಿಗೆ ಎಕ್ಸ್‌ಟ್ರೀಮ್ ರೆಕಾನ್ ಎಂಬ ಪ್ಯಾಕೇಜ್ ಬಂದಾಗ, ಸ್ಪ್ರಿಂಗನ್ನು 1.5 ಇಂಚು ಎತ್ತರಿಸಿ, ಅನುಪಾತವನ್ನು 4.56ಕ್ಕೆ ಏರಿಸಿತು. ರೂಬಿಕಾನ್‌ನ 4.10ರಿಂದ ಲೆಕ್ಕ ಹಾಕಿದರೆ ಬರೀ ಸೂತ್ರದ ಪ್ರಕಾರ 4.35 ಸಾಕಿತ್ತು.

ಹಾಗಾದರೆ ಇನ್ನೂ ಮೇಲಕ್ಕೆ ಏಕೆ ಹೋಗಬಾರದು? ಉಬ್ಬಿನೊಳಗಿನ ಜಾಗ ಅಷ್ಟೇ, ಕ್ರೌನಿನ ಗಾತ್ರವೂ ಅಷ್ಟೇ. ಅನುಪಾತ ಹೆಚ್ಚಬೇಕಾದರೆ ಪಿನಿಯನ್ ತೆಳ್ಳಗಾಗಬೇಕು, ಹಲ್ಲು ಕಡಿಮೆಯಾಗಬೇಕು. 11 ಹಲ್ಲಿನ ಪಿನಿಯನ್ ಮುಷ್ಟಿಯಂತಿದ್ದರೆ 8 ಹಲ್ಲಿನದು ಹೆಬ್ಬೆರಳಿನಂತೆ. ದೊಡ್ಡ ಟೈರು ಹೆಚ್ಚು ಭಾರ ಹೇರುವುದು ಇದೇ ತೆಳ್ಳನೆಯ ಪಿನಿಯನ್ನಿನ ಮೇಲೆ. ಹೆದ್ದಾರಿಯಲ್ಲಿ ಎಂಜಿನ್ ಅನವಶ್ಯಕವಾಗಿ ವೇಗವಾಗಿ ಸುತ್ತಿ ಇಂಧನವನ್ನೂ ಕುಡಿಯುತ್ತದೆ. ಒಂದು ಹಂತ ದಾಟಿದ ಮೇಲೆ ಇಡೀ ಅಚ್ಚನ್ನೇ, ಅಂದರೆ ಆಕ್ಸಲನ್ನೇ, ದೊಡ್ಡದಕ್ಕೆ ಬದಲಿಸುವುದೊಂದೇ ದಾರಿ.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ವಾಹನದಲ್ಲಿ ಮರೆಯಬಾರದ ನಿಯಮವೊಂದಿದೆ. ಹಿಂದಿನ ಆಕ್ಸಲ್ಲಿಗೆ ಯಾವ ಅನುಪಾತವೋ ಮುಂದಿನದಕ್ಕೂ ಅದೇ ಬೇಕು. ಖರ್ಚು ಉಳಿಸಲು ಹಿಂದಿನದನ್ನಷ್ಟೇ ಬದಲಿಸಿ ಫೋರ್ ವೀಲ್ ಹಾಕಿದರೆ, ಹಿಂದಿನ ಚಕ್ರ ಒಂದು ವೇಗ ಕೇಳುತ್ತದೆ, ಮುಂದಿನದು ಇನ್ನೊಂದು. ನಡುವಿನ ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ಬಿಗಿದುಕೊಂಡು ಎಲ್ಲೋ ಒಂದು ಕಡೆ ಮುರಿಯುತ್ತವೆ.

ಹಲ್ಲುಗಳನ್ನು ಕೂಡಿಸುವುದು ಸೂಕ್ಷ್ಮ ಕುಸುರಿ. ಕ್ರೌನ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲೇ ಜೋಡಿಯಾಗಿ ಉಜ್ಜಿ ಒಗ್ಗಿಸಿರುತ್ತಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವಂತಿಲ್ಲ. ಎರಡು ಹಲ್ಲುಗಳ ನಡುವಿನ ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಒಳಗೆ ಇರಬೇಕು. ಮೆಕ್ಯಾನಿಕ್ ಹಲ್ಲಿಗೆ ಬಣ್ಣದ ಲೇಪ ಹಚ್ಚಿ, ಕೈಯಲ್ಲಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿತ್ತೋ ಅಂಚಿಗೆ ಸರಿಯಿತೋ ನೋಡುತ್ತಾನೆ. ಕಾಗದದಂಥ ಲೋಹದ ಬಿಲ್ಲೆ ಸೇರಿಸಿಯೋ ತೆಗೆದೋ ಮತ್ತೆ ನೋಡುತ್ತಾನೆ. ಇಲ್ಲಿ ಅವಸರ ಮಾಡಿದವರ ಗಾಡಿ ಊಳಿಡುತ್ತದೆ. ಹೊಸ ಹಲ್ಲುಗಳನ್ನು ಮೊದಲ ದಿನ ಸ್ವಲ್ಪ ದೂರ ಓಡಿಸಿ ತಣಿಯಲು ಬಿಡಬೇಕು, ಸುಮಾರು 800 ಕಿಲೋಮೀಟರ್ ಆದ ಮೇಲೆ ಲೋಹದ ಪುಡಿ ತುಂಬಿದ ಎಣ್ಣೆಯನ್ನು ಚೆಲ್ಲಿ ಹೊಸದು ಹಾಕಬೇಕು.

ಕ್ರೌನ್-ಪಿನಿಯನ್ ಎಂಜಿನ್ನಿನ ನಷ್ಟವನ್ನು ತುಂಬುತ್ತದೆ, ಬ್ರೇಕಿನ ನಷ್ಟವನ್ನಲ್ಲ. ಬ್ರೇಕು ಇರುವುದು ಚಕ್ರದಲ್ಲೇ. ಅದಕ್ಕೂ ಉದ್ದದ ಸನ್ನೆಕೋಲು ಎದುರಾಗಿ, ಅದೇ ಒತ್ತಡಕ್ಕೆ ಹತ್ತರಲ್ಲಿ ಒಂದು ಪಾಲು ಹಿಡಿತ ತಪ್ಪುತ್ತದೆ. ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಸ್ಪೀಡೋಮೀಟರನ್ನು ತಿದ್ದದಿದ್ದರೆ ಅದು 80 ತೋರಿಸುವಾಗ ವಾಹನ ಸುಮಾರು 89ರಲ್ಲಿ ಓಡುತ್ತಿರುತ್ತದೆ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಅರ್ಥೈಸಿದೆ. ಸಕಲೇಶಪುರ, ಕೊಡಗಿನ ತೋಟದ ದಾರಿಗಳಿಗೆಂದು ಜೀಪು ಎತ್ತರಿಸಲು ಹೊರಟವರು ಇದನ್ನು ಮೊದಲೇ ತಿಳಿದಿರಬೇಕು. ಆ ದಾರಿಯಲ್ಲಿ ನಮ್ಮ ಎದುರಿಗೆ ಶಾಲೆಯ ಮಕ್ಕಳೂ ನಡೆದು ಬರುತ್ತಾರೆ.

ಅಷ್ಟಕ್ಕೂ ಟೈರಿಗೆ ತಕ್ಕ ಹಲ್ಲು ಬೇಕೆಂಬ ಈ ಪಾಠ ಹೊಸದಲ್ಲ. ಎರಡನೇ ಮಹಾಯುದ್ಧಕ್ಕೆಂದು ತಯಾರಾದ ವಿಲೀಸ್ ಜೀಪಿನ ಎಂಜಿನ್ನಿಗೆ ಇದ್ದದ್ದು 60 ಅಶ್ವಶಕ್ತಿ, ಟೈರು 29 ಇಂಚಿನ ಆಸುಪಾಸು. ಆ ಸಣ್ಣ ಟೈರಿಗೆ ಜೀಪನ್ನು ರೂಪಿಸಿದವರು ಕೊಟ್ಟ ಅನುಪಾತ 4.88; 39 ಹಲ್ಲಿಗೆ 8 ಹಲ್ಲು. ಆ ಜೀಪಿನ ವಂಶವೇ ಮಹೀಂದ್ರ ಕಂಪನಿಯ ಮೂಲಕ ನಮ್ಮ ಮಲೆನಾಡಿನ ತೋಟಗಳಿಗೂ ಬಂತು. ಲೋ ಗೇರಿನಲ್ಲಿ ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ, ಮನುಷ್ಯ ನಡೆಯುವ ವೇಗದಲ್ಲಿ, ಒಂದೊಂದೇ ಕಲ್ಲನ್ನು ತಡವಿಕೊಂಡು ಅದು ಏರು ಹತ್ತುತ್ತದೆ. ಅದರ ಟೈರು ದೊಡ್ಡದಲ್ಲ. ಎಂಜಿನ್ನಿಗೆ ಎಷ್ಟು ಕಸುವಿದೆ ಎಂದು ಮೊದಲು ಕೇಳಿಕೊಂಡು, ಆಮೇಲೆ ಹಲ್ಲು ಎಣಿಸಿದವರು ಅದನ್ನು ಕಟ್ಟಿದ್ದರು.