ಮೀನುದೋಣಿಗಳ ಸೋನಾರ್ ಟ್ರಾನ್ಸ್‌ಡ್ಯೂಸರ್: ಆಯ್ಕೆ ಮತ್ತು ಅಳವಡಿಕೆ

ಕರಾವಳಿಯ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಟ್ರಾಲ್ ದೋಣಿಗಳಷ್ಟೇ ಅಲ್ಲ, ನಾಡದೋಣಿಗಳಲ್ಲಿಯೂ ಫಿಶ್ ಫೈಂಡರ್ ಉಪಕರಣ ಕಾಣಸಿಗುತ್ತದೆ. ಸಾಲ ಮಾಡಿ ಅಥವಾ ಮನೆಯ ಹೆಂಗಸರು ಸ್ವಸಹಾಯ ಸಂಘದಿಂದ ತಂದ ಹಣದಲ್ಲಿ ಕೊಂಡ ಉಪಕರಣವು ಒಂದು ಹಂಗಾಮು ಮುಗಿಯುವುದರೊಳಗೆ ಅಟ್ಟ ಸೇರಿದರೆ ಆ ಕುಟುಂಬಕ್ಕಾಗುವ ನಷ್ಟ ಸಣ್ಣದಲ್ಲ. ಹೀಗೆ ಮೂಲೆ ಸೇರುವ ಉಪಕರಣ ಕೆಟ್ಟೇ ಇರಬೇಕೆಂದಿಲ್ಲ. ಅದರ ಟ್ರಾನ್ಸ್‌ಡ್ಯೂಸರ್ ದೋಣಿಗೆ ಹೊಂದದ್ದಾಗಿರಬಹುದು, ಅಥವಾ ತಪ್ಪು ಜಾಗದಲ್ಲಿ ಕೂತಿರಬಹುದು. ದರಪಟ್ಟಿ ಹಿಡಿದು ಸಲಹೆ ಕೇಳಿಬರುವ ಮೀನುಗಾರರಿಗೆ ಉತ್ತರಿಸುವ ಮುನ್ನ ಸದಸ್ಯರು ಈ ಕೆಳಗಿನ ಅಂಶಗಳನ್ನು ತಿಳಿದಿರುವುದು ಉಚಿತ.

ಉಪಕರಣಕ್ಕೆ ಎರಡು ಭಾಗಗಳಿವೆ. ಕಣ್ಣಿಗೆ ಕಾಣುವುದು ಪರದೆ. ಕೆಲಸ ಮಾಡುವುದು ನೀರಿನಲ್ಲಿರುವ ಟ್ರಾನ್ಸ್‌ಡ್ಯೂಸರ್. ಇದು ಶಬ್ದದ ಮಿಡಿತವನ್ನು ಕೆಳಕ್ಕೆ ಕಳುಹಿಸಿ, ತಳದಿಂದಲೂ ಮೀನಿನಿಂದಲೂ ಮರಳುವ ಪ್ರತಿಧ್ವನಿಯನ್ನು ಆಲಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 30 ಮೀಟರ್ ಆಳದ ತಳವನ್ನು ಮುಟ್ಟಿ ಮರಳಲು ಸೆಕೆಂಡಿನ 25ನೇ ಒಂದು ಭಾಗ ಸಾಕು. ಮೀನಿನ ಒಡಲಿನ ಗಾಳಿಚೀಲವು ಶಬ್ದವನ್ನು ಬಲವಾಗಿ ಹಿಂದಿರುಗಿಸುವುದರಿಂದಲೇ ಮೀನಿನ ಗುಂಪು ಪರದೆಯ ಮೇಲೆ ಮೂಡುತ್ತದೆ. ಇದೇ ಕಾರಣದಿಂದ ನೀರಿನಲ್ಲಿ ಬೆರೆತ ಗಾಳಿಗುಳ್ಳೆಯೂ ಶಬ್ದವನ್ನು ತಡೆಯುತ್ತದೆ. ಅಳವಡಿಕೆಯ ತೊಂದರೆಗಳಲ್ಲಿ ಬಹುಪಾಲು ಈ ಗುಳ್ಳೆಯಿಂದಲೇ ಹುಟ್ಟುತ್ತವೆ.

ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಕಂಪನಾಂಕ. ದರಪಟ್ಟಿಯಲ್ಲಿ ಇದು ಫ್ರೀಕ್ವೆನ್ಸಿ ಎಂದಿರುತ್ತದೆ. 200 ಕಿಲೋಹರ್ಟ್ಜ್ ಶಬ್ದವು ಸೂಕ್ಷ್ಮ ವಿವರ ತೋರುತ್ತದೆ, ಆದರೆ ಬೇಗ ಕ್ಷೀಣಿಸುತ್ತದೆ. 50 ಕಿಲೋಹರ್ಟ್ಜ್ ಶಬ್ದವು ಹೆಚ್ಚು ಆಳಕ್ಕೆ ಇಳಿಯುತ್ತದೆ, ವಿವರ ಮಂದವಾಗಿರುತ್ತದೆ. ದಡದ ಸಮೀಪ ಕೆಲವು ಹತ್ತು ಮೀಟರ್ ನೀರಿನಲ್ಲಿ ಬಲೆ ಬಿಡುವ ನಾಡದೋಣಿಗೆ 200 ಸಾಕು. ಆಳಸಮುದ್ರಕ್ಕೆ ಹೋಗುವ ದೋಣಿಗೆ ಎರಡೂ ಇರುವ ಟ್ರಾನ್ಸ್‌ಡ್ಯೂಸರ್ ಲೇಸು. ಶಬ್ದವು ಕೊಳವೆಯಂತೆ ಇಳಿಯದೆ ಲಾಳಿಕೆಯಂತೆ ಅಗಲವಾಗುತ್ತ ಹೋಗುತ್ತದೆ. 20 ಡಿಗ್ರಿಯ ಲಾಳಿಕೆಯು 30 ಮೀಟರ್ ಆಳದಲ್ಲಿ ತಳದ ಸುಮಾರು ಹತ್ತೂವರೆ ಮೀಟರ್ ಅಗಲವನ್ನು ಮಾತ್ರ ನೋಡುತ್ತದೆ; ಅದರಾಚೆ ಮೀನಿದ್ದರೂ ಪರದೆ ಖಾಲಿ. ಸುತ್ತಲೂ ನೋಡಬಲ್ಲ ಸೋನಾರ್ ಬೇರೆಯೇ ಯಂತ್ರ, ಅದರ ಬೆಲೆಯೂ ಬೇರೆ. ಸಾಮರ್ಥ್ಯದ ಅಂಕಿಯ ವಿಷಯದಲ್ಲಿಯೂ ಎಚ್ಚರ ಬೇಕು. ‘4,000 ವ್ಯಾಟ್ ಪೀಕ್ ಟು ಪೀಕ್’ ಎಂದು ಮುದ್ರಿಸಿರುವುದು ‘500 ವ್ಯಾಟ್ ಆರ್‌ಎಂಎಸ್’ಗೆ ಸಮ. ಎರಡು ದರಪಟ್ಟಿಗಳನ್ನು ಹೋಲಿಸುವಾಗ ಒಂದೇ ಅಳತೆಯನ್ನು ಕೇಳಬೇಕು.

ದೋಣಿಯ ಮೈ ಯಾವುದರಿಂದಾಗಿದೆ ಎಂಬುದು ಮುಂದಿನ ಪ್ರಶ್ನೆ. ತಳ ಕೊರೆದು ಕೂಡಿಸುವ ಪ್ಲಾಸ್ಟಿಕ್ ಕವಚದ ಟ್ರಾನ್ಸ್‌ಡ್ಯೂಸರ್ ಮರದ ದೋಣಿಗೆ ಸಲ್ಲದು. ಮರ ನೀರು ಕುಡಿದು ಉಬ್ಬಿದಾಗ ಕವಚ ಬಿರಿಯುತ್ತದೆ, ಬಿರುಕಿನಿಂದ ನೀರು ಒಳನುಗ್ಗುತ್ತದೆ. ಮರಕ್ಕೆ ಕಂಚಿನದು ಯೋಗ್ಯ. ಅದೇ ಕಂಚನ್ನು ಉಕ್ಕಿನ ದೋಣಿಗೆ ಹಾಕಿದರೆ ಉಪ್ಪುನೀರಿನಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಸುತ್ತಲಿನ ಉಕ್ಕು ಸವೆಯುತ್ತದೆ; ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಫೈಬರ್ ದೋಣಿಗೆ ಪ್ಲಾಸ್ಟಿಕ್ ಅಥವಾ ಕಂಚು ಎರಡೂ ಆಗುತ್ತವೆ. ಗಟ್ಟಿ ಫೈಬರ್ ತಳವಾದರೆ ರಂಧ್ರವನ್ನೇ ಕೊರೆಯದೆ ಒಳಗಿನಿಂದ ಎಪಾಕ್ಸಿ ಅಂಟಿನಿಂದ ಕೂಡಿಸಲೂಬಹುದು. ಸಂಕೇತ ಸ್ವಲ್ಪ ಕುಗ್ಗುತ್ತದೆ. ಅಂಟಿನೊಳಗೆ ಒಂದು ಗುಳ್ಳೆ ಉಳಿದರೂ ಶ್ರಮ ವ್ಯರ್ಥ. ಮರ ಮತ್ತು ಉಕ್ಕಿನ ತಳಕ್ಕೆ ಈ ವಿಧಾನ ಒಗ್ಗುವುದಿಲ್ಲ.

ಔಟ್‌ಬೋರ್ಡ್ ಎಂಜಿನ್ನಿನ ದೋಣಿಗೆ ಹಿಂಬದಿಯ ಹಲಗೆಯ ಮೇಲಿನ ಅಳವಡಿಕೆ ಸುಲಭ ಹಾಗೂ ಅಗ್ಗ. ಲಂಗರು ಹಾಕಿದಾಗ ತಳ ಸ್ಪಷ್ಟವಾಗಿ ಕಾಣುತ್ತದೆ, ವೇಗ ಹೆಚ್ಚಿಸಿದೊಡನೆ ಪರದೆ ಮಸುಕಾಗುತ್ತದೆ ಎಂಬ ದೂರು ಬಂದರೆ ಯಂತ್ರವನ್ನು ಹಿಂದಿರುಗಿಸುವ ಮುನ್ನ ಹಲಗೆಯನ್ನು ಪರೀಕ್ಷಿಸಬೇಕು. ಟ್ರಾನ್ಸ್‌ಡ್ಯೂಸರ್‌ನ ಮುಂದೆ ತಳದಲ್ಲಿ ಪಟ್ಟಿ, ಮೊಳೆಯ ತಲೆ ಅಥವಾ ನೀರು ಹೊರಬೀಳುವ ತೂತು ಇದ್ದರೆ ಗುಳ್ಳೆಯ ಸಾಲು ಅದರ ಮುಖದ ಮೇಲೆಯೇ ಹರಿಯುತ್ತದೆ. ಪ್ರೊಪೆಲ್ಲರ್ ತಿರುಗುವ ವ್ಯಾಪ್ತಿಯಿಂದ ಕನಿಷ್ಠ 75 ಮಿಲಿಮೀಟರ್ ದೂರವಿರಬೇಕು. ಅದರ ಅಲಗುಗಳು ಕೆಳಮುಖವಾಗಿ ಇಳಿಯುವ ಪಕ್ಕವನ್ನೇ ಆರಿಸಬೇಕು. ಬಲಕ್ಕೆ ತಿರುಗುವ ಪ್ರೊಪೆಲ್ಲರ್‌ಗೆ ಅದು ದೋಣಿಯ ಬಲಬದಿ. ಫೈಬರ್ ದೋಣಿಯಲ್ಲಿ ಮುಖವು ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗಿದ್ದರೆ ಸಾಕು. ಒಳಗೆ ಎಂಜಿನ್ ಇರುವ ದೊಡ್ಡ ದೋಣಿಯಲ್ಲಿ ಪ್ರೊಪೆಲ್ಲರ್ ಹಿಂಬದಿಯ ಹಲಗೆಗಿಂತ ಮುಂದಿರುತ್ತದೆ. ಆದುದರಿಂದ ಅಲ್ಲಿ ಹಲಗೆಯ ಅಳವಡಿಕೆ ವ್ಯರ್ಥ; ತಳ ಕೊರೆದು, ಎಂಜಿನ್ನಿಗಿಂತ ಸಾಕಷ್ಟು ಮುಂದೆ ಕೂಡಿಸಬೇಕು. ತಳವು ಇಳಿಜಾರಾಗಿದ್ದರೆ ಲಾಳಿಕೆ ನೇರ ಕೆಳಕ್ಕೆ ಇಳಿಯುವಂತೆ ಆಕಾರ ಕೊಟ್ಟ ದಿಮ್ಮಿಯನ್ನು ನಡುವೆ ಇಡಲಾಗುತ್ತದೆ. ಈ ಕೆಲಸಕ್ಕೆ ದೋಣಿ ದಡದ ಮೇಲಿರಬೇಕು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯೇ ಅದಕ್ಕೆ ಸಕಾಲ.

ಟ್ರಾನ್ಸ್‌ಡ್ಯೂಸರ್‌ನ ತಂತಿಯನ್ನು ಉದ್ದವಾಯಿತೆಂದು ಕತ್ತರಿಸಬಾರದು. ಸುರುಳಿ ಸುತ್ತಿ, ಎಂಜಿನ್ ಮತ್ತು ವೈರ್‌ಲೆಸ್ ತಂತಿಗಳಿಂದ ದೂರ ಇಡಬೇಕು. ಮುಖದ ಮೇಲೆ ಬೆಳೆಯುವ ಪಾಚಿ, ಚಿಪ್ಪುಜೀವಿಗಳನ್ನು ಮೃದುವಾಗಿ ಒರೆಸಿ ತೆಗೆಯಬೇಕು. ಬಣ್ಣ ಬಳಿಯುವುದಾದರೆ ನೀರು ಆಧಾರಿತ ಬಣ್ಣವೇ ಆಗಬೇಕು. ಥಿನ್ನರ್ ಬೆರೆಸಿದ್ದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಜೀವಕ್ಕೆ ಸಂಬಂಧಿಸಿದ ಒಂದು ಮಾತನ್ನು ಸದಸ್ಯರು ಗ್ರಾಮಸಭೆಯಲ್ಲಿ ಎತ್ತಿ ಹೇಳುವುದು ಅಗತ್ಯ. ಈ ಉಪಕರಣ ದೋಣಿಯ ಕೆಳಗನ್ನು ನೋಡುತ್ತದೆಯೇ ಹೊರತು ಮುಂದನ್ನಲ್ಲ. ಅಳಿವೆ ಬಾಗಿಲಿನಲ್ಲಿ ಮರಳದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಪರದೆಯಲ್ಲಿ ಆಳ ಕಡಿಮೆಯೆಂದು ಕಾಣುವ ಹೊತ್ತಿಗೆ ದೋಣಿಯ ಮೂತಿ ದಿಬ್ಬದ ಮೇಲೇರಿರುತ್ತದೆ. ಅಲೆ ಒಡೆದು ನೊರೆಯೇಳುವ ಆ ಜಾಗದಲ್ಲಿ ಗುಳ್ಳೆಗಳಿಂದಾಗಿ ಪರದೆ ಕುರುಡಾಗುವುದೂ ಉಂಟು. ಅಲ್ಲಿ ತಾಂಡೇಲರ ಕಣ್ಣಿಗೆ ಪರ್ಯಾಯವಿಲ್ಲ. ಪರದೆಯ ಅಂಕಿ ಅಡಿಯಲ್ಲಿದೆಯೋ, ಮೀಟರಿನಲ್ಲಿದೆಯೋ, ಫ್ಯಾದಮ್ಮಿನಲ್ಲಿದೆಯೋ ಎಂಬುದನ್ನು ದೋಣಿಯಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಒಂದು ಫ್ಯಾದಮ್ ಎಂದರೆ ಆರು ಅಡಿ, ಹೆಚ್ಚುಕಡಿಮೆ ನಮ್ಮ ಒಂದು ಮಾರು. ‘ಮೂರು’ ಎಂಬ ಅಂಕಿ ಮೂರು ಮಾರೋ ಮೂರು ಅಡಿಯೋ ಎಂಬ ಗೊಂದಲಕ್ಕೆ ಅಳಿವೆಯಲ್ಲಿ ಆಸ್ಪದವಿರಕೂಡದು.

ದರಪಟ್ಟಿಯಲ್ಲಿ ‘ಫಿಶ್ ಫೈಂಡರ್ – 1’ ಎಂಬ ಒಂದೇ ಸಾಲು ಇದ್ದರೆ ಅದನ್ನು ಒಪ್ಪಬಾರದು. ಟ್ರಾನ್ಸ್‌ಡ್ಯೂಸರ್‌ನ ಮಾದರಿ, ಕಂಪನಾಂಕ, ಕವಚದ ಲೋಹ ಮತ್ತು ಅಳವಡಿಕೆಯ ವೆಚ್ಚವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಕೊನೆಯ ಕಂತಿನ ಹಣ ಪಾವತಿಸುವ ಮುನ್ನ ದೋಣಿಯನ್ನು ನೀರಿಗಿಳಿಸಿ, ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟು ಆಳವನ್ನು ಅಳೆದು ಪರದೆಯ ಅಂಕಿಯೊಡನೆ ತಾಳೆ ನೋಡಬೇಕು. ಪರದೆ ತೋರುವುದು ಟ್ರಾನ್ಸ್‌ಡ್ಯೂಸರ್‌ನ ಮುಖದಿಂದ ತಳದವರೆಗಿನ ಆಳ. ಮುಖವು ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು ಕೂಡಿಸಿದಾಗ ಹಗ್ಗದ ಅಳತೆ ಬರಬೇಕು. ಬಳಿಕ ಮೀನುಗಾರಿಕೆಗೆ ಹೋಗುವ ವೇಗದಲ್ಲಿಯೇ ದೋಣಿ ಓಡಿಸಿ, ತಳದ ಗೆರೆ ಕಡಿಯದೆ ಸಾಗುತ್ತದೆಯೇ ಎಂದು ನೋಡಬೇಕು. ಕಡಿದರೆ ಟ್ರಾನ್ಸ್‌ಡ್ಯೂಸರ್‌ನ ಜಾಗ ಬದಲಿಸಿ ಮತ್ತೊಮ್ಮೆ ಓಡಿಸಿ ನೋಡಿದ ನಂತರವೇ ರಸೀದಿಗೆ ಸಹಿ ಹಾಕತಕ್ಕದ್ದು.